ಗಾಳಿ ನಿಂತು ದಡಕ್ಕೆ ಬಂದ ಹಡಗು

ನಾನು ಹಾಸನದವಳು. ಮದುವೆಯಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಬರುವವರೆಗೆ ಸಮುದ್ರ ನೋಡಿದ್ದು ಒಂದೇ ಸಲ, ಹೈಸ್ಕೂಲಿನ ಪ್ರವಾಸದಲ್ಲಿ, ಮಲ್ಪೆಯಲ್ಲಿ. ಆಗಲೂ ಮೇಷ್ಟ್ರು ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿಯಲು ಬಿಟ್ಟಿರಲಿಲ್ಲ. ಅಂಥವಳ ಸಂಸಾರ ಶುರುವಾದದ್ದು ಪೆಸಿಫಿಕ್ ಸಾಗರಕ್ಕೆ ಕೂಗಳತೆಯಲ್ಲಿದ್ದ ಮನೆಯೊಂದರಲ್ಲಿ.

ಡಾಟ್‌ಕಾಮ್ ಕಂಪನಿಗಳ ಕಾಲ ಅದು. ನನ್ನ ಗಂಡ ಕೆಲಸ ಮಾಡುತ್ತಿದ್ದ ಕಂಪನಿ ಮದುವೆ, ಹುಟ್ಟುಹಬ್ಬಗಳ ಆಮಂತ್ರಣಗಳನ್ನು ಇಂಟರ್ನೆಟ್ಟಿನ ಮೂಲಕ ಕಳಿಸುವ ಏರ್ಪಾಟು ಮಾಡುತ್ತಿತ್ತು. ಊರಿನ ಮಧ್ಯದಲ್ಲಿ ಹಳೆಯ ಗೋದಾಮೊಂದನ್ನು ಆಫೀಸು ಮಾಡಿಕೊಂಡಿದ್ದರು. ಆ ಕಡೆ ಬಾಡಿಗೆ ಮನೆ ಸಿಗುವ ಮಾತೇ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಊರಿನ ಪಶ್ಚಿಮದ ತುದಿಯಲ್ಲಿ, ಟ್ರಾಮಿನ ಕೊನೆಯ ಸ್ಟಾಪಿನ ಹತ್ತಿರ, ಒಂದು ಗ್ಯಾರೇಜಿನ ಹಿಂದಿದ್ದ ಎರಡು ಕೋಣೆ. ಅಲ್ಲಿನ ಮನೆಗಳೆಲ್ಲ ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು, ತಿಳಿ ಹಸಿರು, ತಿಳಿ ಗುಲಾಬಿ ಬಣ್ಣದಲ್ಲಿ ಸಮುದ್ರದವರೆಗೂ ಸಾಲಾಗಿ ಇಳಿದುಹೋಗಿದ್ದವು. ಬೇಸಿಗೆಯಲ್ಲಿ ಸ್ಯಾನ್ ಹೋಸೆಯ ಗೆಳತಿಯರು ಫ್ಯಾನು ಹಾಕಿಕೊಂಡು ಕೂತಿದ್ದೇವೆಂದು ಫೋನಿನಲ್ಲಿ ಹೇಳಿದರೆ ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಕೇಳುತ್ತಿದ್ದೆ. ಮಂಜು ಕವಿದ ದಿನ ಹಡಗುಗಳಿಗೆ ಎಚ್ಚರಿಕೆ ಕೊಡುವ ಕಹಳೆ ದೂರದಲ್ಲಿ ಎಲ್ಲೋ ಎಮ್ಮೆ ಕೂಗಿದ ಹಾಗೆ ಕೂಗುತ್ತಲೇ ಇರುತ್ತಿತ್ತು.

ಮೇಲಿನ ಮಹಡಿಯಲ್ಲಿ ಮನೆಯ ಯಜಮಾನಿ ಇದ್ದರು. ಎಂಬತ್ತು ದಾಟಿದ ವಿಧವೆ. ಜೀವಮಾನವೆಲ್ಲ ಆ ಬಡಾವಣೆಯ ಪ್ರೈಮರಿ ಶಾಲೆಯಲ್ಲೇ ಪಾಠ ಹೇಳಿ ನಿವೃತ್ತರಾದವರು. ಸೊಂಟದ ಮೂಳೆ ಮುರಿದು ಕೂಡಿಸಿದ ಮೇಲೆ ವಾಕರ್ ಹಿಡಿದೇ ಓಡಾಟ. ಮಗಳೊಬ್ಬಳು ದೇಶದ ಇನ್ನೊಂದು ತುದಿಯಲ್ಲಿ ವಕೀಲೆ. ನಾವು ನಮ್ಮೊಳಗೆ ಅವರನ್ನು ಅಜ್ಜಿ ಅಂತಲೇ ಕರೆಯುತ್ತಿದ್ದೆವು.

ಅಜ್ಜಿಯ ಸ್ನೇಹವಾದದ್ದು ದೋಸೆ ಹಿಟ್ಟಿನಿಂದ. ಆ ಥಂಡಿಯಲ್ಲಿ ಹಿಟ್ಟು ಹುಳಿ ಬರುತ್ತಲೇ ಇರಲಿಲ್ಲ. ಗ್ಯಾರೇಜಿನಲ್ಲಿ ಇಡೀ ಮನೆಗೆ ಬಿಸಿನೀರು ಕೊಡುವ ದೊಡ್ಡ ಬಾಯ್ಲರ್ ಇತ್ತು. ನಾನು ಕೇಳದೆಯೇ ಅದರ ಪಕ್ಕ ಪಾತ್ರೆ ಇಟ್ಟು ಬಂದೆ. ಬೆಳಿಗ್ಗೆ ಹಿಟ್ಟು ಉಕ್ಕಿ ನೆಲವೆಲ್ಲ ಹರಿದಿತ್ತು. ಬಟ್ಟೆ ಒಗೆಯುವ ಮೆಷಿನ್ನಿಗೆಂದು ಇಳಿದು ಬಂದ ಅಜ್ಜಿ, ವಾಕರ್ ಹಿಡಿದು ನಿಂತು ಅದನ್ನೇ ನೋಡುತ್ತಿದ್ದರು. ನಾನು ಹೆದರಿ ಏನೇನೋ ವಿವರಿಸಿದೆ. ಅವರು ಬೈಯಲಿಲ್ಲ. ಇದು ಬದುಕಿರುವ ಪದಾರ್ಥವೇ ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ಬೆಚ್ಚಗೇ ಇರಲಿ, ಇನ್ನೂ ದೊಡ್ಡ ಪಾತ್ರೆಯಲ್ಲಿ ಇಡು ಎಂದರು. ಆವತ್ತು ಎರಡು ದೋಸೆ ಮೇಲಕ್ಕೆ ಹೋದವು. ಮಾರನೆಯ ದಿನ ನನಗೆ ಚಹಾಕ್ಕೆ ಕರೆ ಬಂತು.

ನನಗೆ ಅಲ್ಲಿ ಕೆಲಸ ಮಾಡುವ ವೀಸಾ ಇರಲಿಲ್ಲ. ಹಾಸನದಲ್ಲಿ ಹುಡುಗಿಯರ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟವಳು, ಇಲ್ಲಿ ಸಾರಿಗೆ ಒಗ್ಗರಣೆ ಹಾಕಿ ಗಡಿಯಾರ ನೋಡುತ್ತ ಕೂರುತ್ತಿದ್ದೆ. ಗಂಡ ಬೆಳಿಗ್ಗೆ ಟ್ರಾಮು ಹತ್ತಿದರೆ ಮನೆ ಸೇರುವ ಹೊತ್ತಿಗೆ ಊಟ ಆರಿಹೋಗಿರುತ್ತಿತ್ತು. ಹೀಗಾಗಿ ದಿನವೂ ಸಮುದ್ರದವರೆಗೆ ನಡೆದು ಬರುವುದು, ಮಧ್ಯಾಹ್ನ ಅಜ್ಜಿಯ ಅಡುಗೆಮನೆಯ ಕಿಟಕಿಯ ಹತ್ತಿರ ಕೂರುವುದು ರೂಢಿಯಾಯಿತು. ನಾನು ವಾಕಿಂಗ್ ಮುಗಿಸಿ ಬಂದಾಗಲೆಲ್ಲ ಅಜ್ಜಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮರಳು ಹೇಗಿದೆ, ಎತ್ತರವಾಗಿದೆಯೋ ಇಳಿದಿದೆಯೋ? ಮೊದಮೊದಲು ನನಗೆ ಏನು ಉತ್ತರ ಕೊಡಬೇಕೆಂದೇ ತಿಳಿಯುತ್ತಿರಲಿಲ್ಲ. ಮರಳು ಮರಳಿನ ಹಾಗಿದೆ ಎಂದುಬಿಡುತ್ತಿದ್ದೆ. ಒಂದು ದಿನ ಯಾಕೆ ಕೇಳುತ್ತೀರಿ ಎಂದು ನಾನೇ ಕೇಳಿದೆ. ಆಗ ಅವರು ಹಡಗಿನ ವಿಷಯ ಹೇಳಿದರು.

ಅಜ್ಜಿಯ ತಾತ ನಾರ್ವೆಯವನು, ಕಸುಬಿನಲ್ಲಿ ಬಡಗಿ. ಇಂಗ್ಲೆಂಡಿನ ಬಂದರಿನಲ್ಲಿ ಒಂದು ಅಮೆರಿಕನ್ ಹಾಯಿಹಡಗಿಗೆ ಬಡಗಿ ಬೇಕೆಂದು ಗೊತ್ತಾಗಿ ಹತ್ತಿದವನು, ಅದರ ಕೊನೆಯ ದಿನದವರೆಗೂ ಇಳಿಯಲಿಲ್ಲ. ಮೂರು ಹಾಯಿಕಂಬದ ಹಡಗು. ಹುಟ್ಟಿದ್ದು ಅಮೆರಿಕದ ಪೂರ್ವ ತೀರದ ಒಂದು ನದಿಯ ದಡದಲ್ಲಿ, ಅಲ್ಲಿನ ಕಾಡಿನ ಓಕ್ ಮರದಲ್ಲಿ. ತಾತ ಸೇರುವ ಹೊತ್ತಿಗಾಗಲೇ ಅದು ಹಳೆಯ ಹಡಗು. ಅದರ ಯೌವನದ ಕತೆಗಳನ್ನು ಅವನು ಕೇಳಿದ್ದು ಹಡಗಿನ ಅಡುಗೆಯವನಿಂದ. ಆ ಕಾಲದಲ್ಲಿ ಅದು ಹೊತ್ತುಕೊಂಡು ಹೋಗುತ್ತಿದ್ದದ್ದು ಐಸು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಐಸನ್ನು ಕಲ್ಲಿನ ಹಾಗೆ ಕೊಯ್ದು, ಮರದ ಪುಡಿಯಲ್ಲಿ ಹೂತು, ಅರ್ಧ ಭೂಮಿ ಸುತ್ತಿ ಮದ್ರಾಸಿಗೆ ತಲುಪಿಸುವುದು.

ಮದ್ರಾಸು ಎಂಬ ಹೆಸರು ಆ ಅಡುಗೆಮನೆಯಲ್ಲಿ ಕೇಳಿ ನಾನು ಕಪ್ಪು ಕೆಳಗಿಟ್ಟೆ. ಅಷ್ಟು ದೂರದವರೆಗೆ ಕರಗಲಿಲ್ಲವೇ ಎಂದು ಕೇಳಿದೆ. ಬೇಕಾದಷ್ಟು ಕರಗುತ್ತಿತ್ತಂತೆ. ಉಳಿದದ್ದನ್ನು ಅಲ್ಲಿನ ಬಿಳಿಯರು ಹಬ್ಬ ಮಾಡಿಕೊಂಡು ಕೊಳ್ಳುತ್ತಿದ್ದರಂತೆ. ನಿಮ್ಮ ಕಡೆಯವರೂ ತಿಂದಿರಬಹುದಲ್ಲ ಎಂದು ಅಜ್ಜಿ ಕೇಳಿದರು. ನಮ್ಮ ಮುತ್ತಜ್ಜಂದಿರು ಅಂಥದ್ದನ್ನು ಕನಸಿನಲ್ಲೂ ಕಂಡಿರಲಾರರು ಎಂದು ನಕ್ಕೆ. ಆದರೆ ಒಂದು ನೆನಪಾಗಿ ಹೇಳಿದೆ. ನಾನು ಚಿಕ್ಕವಳಿದ್ದಾಗ ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರದ ಸೋಡಾ ಅಂಗಡಿಗೆ ಸೈಕಲ್ ಗಾಡಿಯಲ್ಲಿ ಐಸ್‌ಗಡ್ಡೆ ಬರುತ್ತಿತ್ತು. ಗೋಣಿತಟ್ಟು ತೆಗೆದು, ಮೇಲಿನ ಮರದ ಪುಡಿಯನ್ನು ನೀರು ಚಿಮುಕಿಸಿ ತೊಳೆದು, ಒಡೆದು ಶರಬತ್ತಿಗೆ ಹಾಕುತ್ತಿದ್ದರು. ಎಷ್ಟು ತೊಳೆದರೂ ಶರಬತ್ತಿನಲ್ಲಿ ಒಂದೆರಡು ಚೂರು ಮರದ ಪುಡಿ ತೇಲುತ್ತಲೇ ಇರುತ್ತಿತ್ತು. ಅಜ್ಜಿಗೆ ಈ ಮಾತು ಬಹಳ ಹಿಡಿಸಿತು. ಐಸಿನ ವ್ಯಾಪಾರ ನಿಂತು ಎಷ್ಟೋ ವರ್ಷವಾದ ಮೇಲೂ ತಾತ ಹಡಗಿನ ಹೊಟ್ಟೆಯಲ್ಲಿ ಹಲಗೆ ಬಿಚ್ಚಿದಾಗಲೆಲ್ಲ ಸಂದಿಯಿಂದ ಮರದ ಪುಡಿ ಉದುರುತ್ತಿತ್ತಂತೆ.

ಐಸಿನ ನಂತರ ಹಡಗು ಪೆರು ದೇಶದ ದ್ವೀಪಗಳಿಂದ ಗೊಬ್ಬರಕ್ಕೆಂದು ಹಕ್ಕಿಗಳ ಹಿಕ್ಕೆ ಸಾಗಿಸಿತು. ಆ ವಾಸನೆಗೆ ನಾವಿಕರು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಊಟಕ್ಕೆ ಕೂರುತ್ತಿದ್ದರಂತೆ. ಆಮೇಲೆ ಕ್ಯಾಲಿಫೋರ್ನಿಯಾದ ಗೋಧಿ. ತಾತ ಇದ್ದದ್ದು ಆ ಕಾಲದಲ್ಲಿ. ಇಲ್ಲಿ ಗೋಧಿ ತುಂಬಿಕೊಂಡು, ದಕ್ಷಿಣ ಅಮೆರಿಕದ ತುದಿ ಬಳಸಿ, ಇಂಗ್ಲೆಂಡಿಗೆ ಹೋಗುವುದು. ಆ ತುದಿಯಲ್ಲಿ ಅಲೆಗಳು ಹಡಗಿನ ಮೇಲೆ ಹತ್ತಿ ಆಚೆ ಇಳಿಯುತ್ತಿದ್ದವು. ಹಲಗೆಗಳು ಸಡಿಲವಾಗಿ ನೀರು ಜಿನುಗಿದರೆ, ಟಾರು ಮೆತ್ತಿದ ನಾರನ್ನು ಸಂದಿಗೆ ತುರುಕಿ ಸುತ್ತಿಗೆಯಿಂದ ಬಡಿದು ಮುಚ್ಚುವುದು ತಾತನ ಕೆಲಸ. ಗೋಧಿಗೆ ನೀರು ತಗುಲಿದರೆ ಉಬ್ಬಿ ಹಡಗನ್ನೇ ಒಡೆದುಹಾಕುತ್ತದಂತೆ. ಹೀಗಾಗಿ ಅವನು ಮಲಗುತ್ತಿದ್ದದ್ದೂ ಗೋಡೆಗೆ ಕಿವಿ ಇಟ್ಟುಕೊಂಡು.

ಉಗಿಹಡಗುಗಳು ಬಂದ ಮೇಲೆ ಇವಳನ್ನು ಕೇಳುವವರಿಲ್ಲವಾಯಿತು. ಅಜ್ಜಿ ಹಡಗನ್ನು ಯಾವಾಗಲೂ ‘ಅವಳು’ ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಅದೇ ರೂಢಿಯಾಗಿದೆ. ವಯಸ್ಸಾದ ಮೇಲೆ ಅವಳಿಗೆ ಸಿಕ್ಕಿದ್ದು ಉತ್ತರದ ಕಾಡುಗಳಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮರ ತರುವ ಕೆಲಸ. ಹೋಗುವಾಗ ಖಾಲಿ, ಬರುವಾಗ ಡೆಕ್ಕಿನ ಮೇಲೂ ಹೇರಿದ ಹಲಗೆ.

ಅವಳು ಹೋದದ್ದು ಬಿರುಗಾಳಿಯಲ್ಲಿ ಅಲ್ಲ. ಗಾಳಿ ನಿಂತುಹೋದದ್ದರಿಂದ. ಒಂದು ಚಳಿಗಾಲದ ಬೆಳಿಗ್ಗೆ ಸಣ್ಣ ಉಗಿದೋಣಿಯೊಂದು ಅವಳನ್ನು ಕೊಲ್ಲಿಯಿಂದ ಹೊರಕ್ಕೆ ಎಳೆದು, ತೆರೆದ ಸಮುದ್ರದಲ್ಲಿ ಹಗ್ಗ ಬಿಚ್ಚಿ ವಾಪಸ್ಸು ಹೋಯಿತು. ಹಾಯಿಗಳನ್ನೆಲ್ಲ ಬಿಚ್ಚಿದರು. ಅಷ್ಟರಲ್ಲಿ ಗಾಳಿ ಸತ್ತುಹೋಯಿತು. ಹಾಯಿಗಳು ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದವು. ಸಮುದ್ರ ಮೇಲುನೋಟಕ್ಕೆ ಎಣ್ಣೆಯ ಹಾಗೆ ನುಣ್ಣಗಿತ್ತು, ಆದರೆ ಒಳಗೊಳಗೇ ಉಬ್ಬುತ್ತ ಅವಳನ್ನು ದಡದ ಕಡೆಗೆ ತಳ್ಳುತ್ತಿತ್ತು. ಲಂಗರು ಇಳಿಸಿದರು. ಅದು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ಮರಳಿನಲ್ಲಿ ನೇಗಿಲಿನ ಹಾಗೆ ಗೆರೆ ಎಳೆಯುತ್ತ ಬಂತು. ಮಾಡುವುದಕ್ಕೆ ಯಾರಿಗೂ ಏನೂ ಉಳಿದಿರಲಿಲ್ಲ. ಬಿರುಗಾಳಿಯಾಗಿದ್ದರೆ ಕೈಕಾಲಾದರೂ ಆಡುತ್ತಿತ್ತು, ನಾವು ಸುಮ್ಮನೆ ನಿಂತು ದಡ ಹತ್ತಿರ ಬರುವುದನ್ನು ನೋಡಬೇಕಾಯಿತು ಎಂದು ತಾತ ಹೇಳುತ್ತಿದ್ದನಂತೆ. ಮಧ್ಯಾಹ್ನದ ಬಿಸಿಲಿನಲ್ಲಿ, ಎಲ್ಲರೂ ನೋಡುತ್ತಿದ್ದ ಹಾಗೆ ಅವಳು ಮೆಲ್ಲಗೆ ಬಂದು ಮರಳಿಗೆ ಮೈ ಕೊಟ್ಟಳು. ಒಂದು ಜೀವವೂ ಹೋಗಲಿಲ್ಲ. ಅಡುಗೆಯವನು ತನ್ನ ಕೋಳಿಗಳನ್ನು ಗೂಡಿನ ಸಮೇತ ಇಳಿಸಿಕೊಂಡ.

ಭಾನುವಾರ ಊರಿನ ಜನ ಕುದುರೆಗಾಡಿ ಕಟ್ಟಿಕೊಂಡು, ಬುತ್ತಿ ತಂದು, ದಡದಲ್ಲಿ ಕೂತು ನೋಡಿದರು. ಹಡಗನ್ನು ಹರಾಜಿನಲ್ಲಿ ಒಬ್ಬ ಮರದ ವ್ಯಾಪಾರಿ ಕೊಂಡ. ಬಿಚ್ಚುವುದಕ್ಕೆ ಕೆಲಸದವರು ಬೇಕೆಂದಾಗ ಅಜ್ಜಿಯ ತಾತ ತಾನೇ ಮುಂದೆ ಬಂದ. ಜೊತೆಯವರಿಗೆ ಅದು ಸರಿಬರಲಿಲ್ಲ, ಅನ್ನ ಕೊಟ್ಟವಳನ್ನು ಕಡಿಯುತ್ತೀಯಾ ಎಂದು ಮಾತು ಬಿಟ್ಟರು. ಅವಳ ಯಾವ ಮೊಳೆ ಎಲ್ಲಿದೆ ಎಂದು ಗೊತ್ತಿರುವ ಕೈಯಲ್ಲೇ ಅವಳು ಬಿಚ್ಚಿಕೊಳ್ಳಲಿ ಎಂದು ತಾತನ ಉತ್ತರ. ಸಮುದ್ರದ ನೀರು ಇಳಿದಾಗಲೆಲ್ಲ ಹೋಗಿ ಹಾಯಿಕಂಬ ತೆಗೆದ, ಡೆಕ್ಕು ತೆಗೆದ, ಪಕ್ಕದ ಹಲಗೆಗಳನ್ನು ಒಂದೊಂದಾಗಿ ಬಿಡಿಸಿದ. ವ್ಯಾಪಾರಿಗೆ ಅಷ್ಟು ಸಹನೆ ಇರಲಿಲ್ಲ. ಒಂದು ದಿನ ಮದ್ದು ಇಟ್ಟು ಉಳಿದದ್ದನ್ನು ಸಿಡಿಸಿದ. ತಳ ಮಾತ್ರ ಮರಳಿನಲ್ಲಿ ಹೂತುಹೋಯಿತು. ತಾತ ಮತ್ತೆ ಹಡಗು ಹತ್ತಲಿಲ್ಲ. ಇಲ್ಲೇ ನಿಂತು ಮನೆ ಕಟ್ಟುವ ಬಡಗಿಯಾದ, ಮದುವೆಯಾದ.

ಬಹಳ ಮಳೆ ಬಂದ ಚಳಿಗಾಲದಲ್ಲಿ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗುತ್ತವೆ. ಆಗ ಅವಳ ತಳ ಕಾಣಿಸುತ್ತದೆ ಎಂದರು ಅಜ್ಜಿ. ಅವರು ಕಂಡದ್ದು ಒಂದೇ ಸಲ, ಆರೇಳು ವರ್ಷದ ಹುಡುಗಿಯಾಗಿದ್ದಾಗ. ತಾತ ಪ್ಯಾಂಟು ಮಡಚಿ, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿನಲ್ಲಿ ನಡೆದು ಹೋಗಿ, ಪುಟ್ಟ ಕೈ ಹಿಡಿದು ಮರಕ್ಕೆ ಮುಟ್ಟಿಸಿದ್ದ. ಆಮೇಲೂ ಒಂದೆರಡು ಸಲ ಹಡಗು ಎದ್ದಿತ್ತಂತೆ. ಒಂದು ಸಲ ಹೆರಿಗೆಯ ಆಸ್ಪತ್ರೆಯಲ್ಲಿದ್ದೆ, ಇನ್ನೊಂದು ಸಲ ಗಂಡನ ಕಾಯಿಲೆ ಎಂದು ಅಜ್ಜಿ ಹೇಳಿದರು.

ಆ ವರ್ಷ ಮಳೆ ವಿಪರೀತ ಬಂತು. ಬೆಟ್ಟದ ಕಡೆ ರಸ್ತೆಗಳು ಕುಸಿದವು, ಫ್ರೀವೇ ಮೇಲೆ ನೀರು ನಿಂತಿತು. ಮಳೆ ಹೊಳವಾದ ಒಂದು ಮಧ್ಯಾಹ್ನ ನಾನು ಸಮುದ್ರದ ಕಡೆ ಹೋದೆ. ದಿನವೂ ದಡಕ್ಕೆ ಇಳಿಯುವ ಮೆಟ್ಟಿಲು ಮುರಿದು ಗಾಳಿಯಲ್ಲಿ ನೇತಾಡುತ್ತಿತ್ತು. ಕೆಳಗಿನ ಮರಳು ಆಳವಾಗಿ ಇಳಿದುಹೋಗಿತ್ತು. ನೀರು ದೂರ ಸರಿದಿತ್ತು. ಒದ್ದೆ ಮರಳಿನಲ್ಲಿ ಕಪ್ಪು ಗೂಟಗಳ ಎರಡು ಸಾಲು. ಎರಡೂ ಸಾಲು ಬಾಗಿ ಬಂದು ಒಂದು ಕಡೆ ಕೂಡಿಕೊಂಡಿದ್ದವು. ಚರಿತ್ರೆಯ ಟೀಚರ್ ಆಗಿ ಎಷ್ಟೋ ಶಾಸನ, ಎಷ್ಟೋ ಪಾಳುಗೋಡೆ ನೋಡಿದ್ದೆ. ಆದರೆ ಕೇಳಿದ ಕತೆಯೊಂದು ನೆಲದಿಂದ ಎದ್ದು ಹೀಗೆ ಎದುರು ನಿಂತದ್ದು ಅದೇ ಮೊದಲು. ಅಷ್ಟು ದೂರದಿಂದ ಓಡಿ ಬಂದೆ. ಓಡಿ ಅಭ್ಯಾಸವಿಲ್ಲದೆ ಅಜ್ಜಿಯ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು, ಹಡಗು ಎದ್ದಿದೆ ಎಂದೆ.

ಅಜ್ಜಿ ಕಿಟಕಿಯ ಕಡೆ ತಿರುಗಿದರು. ಅಲ್ಲಿಂದ ಕಾಣುವುದು ಎದುರು ಮನೆಯ ಗೋಡೆ ಮಾತ್ರ. ನೀನು ನೋಡಿದೆಯಲ್ಲ, ಸಾಕು ಎಂದರು.

ನನಗೆ ಸಾಕಾಗಲಿಲ್ಲ. ಗಂಡನ ಆಫೀಸಿಗೆ ಫೋನು ಮಾಡಿದೆ. ನಾಳೆ ಮಧ್ಯಾಹ್ನವೂ ನೀರು ಹೀಗೇ ಇಳಿಯುತ್ತದೆ, ನಾಳಿದ್ದಿನಿಂದ ಮತ್ತೆ ಮಳೆಯಂತೆ, ಬಂದು ಅಜ್ಜಿಯನ್ನು ಕರೆದುಕೊಂಡು ಹೋಗಬೇಕು ಎಂದೆ.

“ನಾಳಿದ್ದು ಡೆಮೋ ಇದೆ ಕಣೇ. ಇನ್ವೆಸ್ಟರ್ಸ್ ಬರ್ತಿದಾರೆ. ವರ್ಕಿಂಗ್ ಡೇ, ಅದೂ ಮಧ್ಯಾಹ್ನ ಹೇಗೆ ಎದ್ದು ಬರೋದು?” ಎಂದರು ಅವರು.

“ಇನ್ವೆಸ್ಟರ್ಸ್ ಮತ್ತೆ ಬರ್ತಾರೆ ರೀ. ಇದು ಮತ್ತೆ ಬರೋ ಹೊತ್ತಿಗೆ ಅಜ್ಜಿ ಇರಲ್ಲ.”

ಫೋನಿನಲ್ಲಿ, ಅವರ ಹಿಂದಿನಿಂದ ಯಾರೋ ಏನಂತೆ ಎಂದು ಕೇಳಿದ್ದು ಕೇಳಿಸಿತು. ಅದು ಅವರ ಪಕ್ಕದ ಮೇಜಿನ ಗೆಳೆಯ, ಮಂಡ್ಯದವನು. ವಾರಕ್ಕೊಮ್ಮೆ ನಮ್ಮ ಮನೆಗೆ ಮುದ್ದೆ ಉಣ್ಣಲು ಬರುತ್ತಿದ್ದ. ಒಂದು ಸಲ ಅಜ್ಜಿಗೂ ಮುದ್ದೆ ನುಂಗುವುದು ಹೇಗೆಂದು ತೋರಿಸಿಕೊಟ್ಟವನು. ಫೋನು ಅವನ ಕೈಗೆ ಹೋಯಿತು. ಮರಳಿನಲ್ಲಿ ಎಷ್ಟು ದೂರ, ಅಜ್ಜಿ ಎಷ್ಟು ಭಾರ ಎಂದು ಕೇಳಿದ. ವಾಕರ್ ಮರಳಿನಲ್ಲಿ ಹೂತುಹೋಗುತ್ತದಲ್ಲ ಎಂದೆ.

“ವಾಕರ್ ಯಾಕತ್ತಿಗೆ? ನಮ್ಮೂರಲ್ಲಿ ದೇವ್ರ ಅಡ್ಡೆ ಹೊತ್ತಿರೋ ಹೆಗಲು ಇದು. ಅಜ್ಜೀನ ಹೊರಾಕೆ ಆಗಾಕಿಲ್ವಾ? ನಾಲ್ಕ್ ಜನ ಬತ್ತೀವಿ, ನೀವು ಎರಡು ಗಟ್ಟಿ ಸೀರೆ ತೆಗ್ದಿಟ್ಟಿರಿ” ಎಂದ.

ಮಾರನೆಯ ದಿನ ಊಟದ ಹೊತ್ತಿಗೆ ಎರಡು ಕಾರಿನಲ್ಲಿ ನಾಲ್ವರೂ ಬಂದರು: ನನ್ನ ಗಂಡ, ಮಂಡ್ಯದ ಗೆಳೆಯ, ಆಫೀಸಿನ ಇನ್ನಿಬ್ಬರು. ಹಾರ್ಡ್‌ವೇರ್ ಅಂಗಡಿಯಿಂದ ಎರಡು ಉದ್ದನೆಯ ಮರದ ಪಟ್ಟಿ ತಂದಿದ್ದರು. ಆಫೀಸಿನಿಂದ ಕೈಗಳಿರುವ ಹಗುರ ಕುರ್ಚಿಯೊಂದನ್ನು ಎತ್ತಿಕೊಂಡು ಬಂದಿದ್ದರು. ನನ್ನ ಎರಡು ಹತ್ತಿ ಸೀರೆಗಳನ್ನು ಹುರಿ ಮಾಡಿ, ಕುರ್ಚಿಯನ್ನು ಪಟ್ಟಿಗಳಿಗೆ ಬಿಗಿದರು. ಮಂಡ್ಯದವನು ಮೊದಲು ತಾನೇ ಕೂತು, ಉಳಿದವರ ಕೈಯಲ್ಲಿ ಗ್ಯಾರೇಜೆಲ್ಲ ಹೊರಿಸಿಕೊಂಡು, ಇದು ತಡೆಯುತ್ತದೆ ಎಂದು ಖಾತರಿ ಮಾಡಿಕೊಂಡ.

ಅಜ್ಜಿ ಒಪ್ಪಲಿಲ್ಲ. ಮೆಟ್ಟಿಲ ಮೇಲಿನಿಂದಲೇ ಈ ಏರ್ಪಾಟನ್ನು ನೋಡಿ ಅವರ ಮುಖ ಬಿಗಿಯಾಯಿತು. ಬಡಾವಣೆಯ ಅರ್ಧ ಜನ ನನ್ನ ಹತ್ತಿರ ಅಕ್ಷರ ಕಲಿತವರು, ಅವರೆದುರಿಗೆ ಮೂಟೆಯ ಹಾಗೆ ಹೊರಿಸಿಕೊಂಡು ಹೋಗಲಾರೆ ಎಂದರು. ನಿಮಗೆಲ್ಲ ಕೆಲಸವಿದೆ, ದಯವಿಟ್ಟು ಹೋಗಿ ಎಂದು ಹುಡುಗರಿಗೂ ಹೇಳಿದರು. ನಾಲ್ವರೂ ತಲೆ ತಗ್ಗಿಸಿ ನಿಂತರು. ನಾನು ಮೆಟ್ಟಿಲು ಹತ್ತಿ ಅಜ್ಜಿಯ ಪಕ್ಕ ನಿಂತೆ. ಹೇಳಬೇಕೆಂದು ಯೋಚಿಸಿ ಹೇಳಿದ ಮಾತಲ್ಲ ಅದು, ತಾನಾಗಿ ಬಂತು.

“ಆವತ್ತೂ ನೀವು ನಡೆದುಕೊಂಡು ಹೋಗಿರಲಿಲ್ಲ. ತಾತನ ಹೆಗಲ ಮೇಲೇ ಹೋಗಿದ್ದಿರಿ” ಎಂದೆ.

ಅಜ್ಜಿ ನನ್ನನ್ನು ನೋಡಿದರು. ಆಮೇಲೆ ಕೆಳಗೆ ನಿಂತಿದ್ದ ನಾಲ್ವರನ್ನು ನೋಡಿದರು. ಬೀರುವಿನಲ್ಲಿ ನೀಲಿ ಕೋಟು ಇದೆ, ತೆಗೆದುಕೊಂಡು ಬಾ, ಹ್ಯಾಟು ಮೇಲಿನ ಡಬ್ಬಿಯಲ್ಲಿದೆ ಎಂದರು. ಒಂದೇ ಷರತ್ತು, ಯಾರೂ ಫೋಟೋ ತೆಗೆಯಕೂಡದು. ಆಫೀಸಿನವರಲ್ಲಿ ಒಬ್ಬ ಆಗಷ್ಟೇ ಕೊಂಡ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡಿದ್ದ. ಅದನ್ನು ಬಿಚ್ಚಿ ಕಾರಿನಲ್ಲಿಟ್ಟ. ಹೀಗಾಗಿ ಆ ದಿನದ್ದು ಒಂದು ಚಿತ್ರವೂ ನಮ್ಮ ಹತ್ತಿರ ಇಲ್ಲ. ಆ ಕಾಲದ ಬೇರೆ ಎಲ್ಲದರದ್ದೂ ಇದೆ, ಆಫೀಸಿನ ಪಾರ್ಟಿಗಳದ್ದು, ಕಾರಿಗೆ ಒರಗಿ ನಿಂತದ್ದು, ಸೇತುವೆಯ ಮುಂದೆ ನಿಂತದ್ದು.

ಸಮುದ್ರದ ಪಕ್ಕದ ರಸ್ತೆಯವರೆಗೆ ಕಾರಿನಲ್ಲಿ ಹೋದೆವು. ಅಲ್ಲಿ ನಾಲ್ವರೂ ಷೂ ಬಿಚ್ಚಿ, ಪ್ಯಾಂಟು ಮಡಚಿ, ಹೆಗಲು ಕೊಟ್ಟರು. ಮುರಿದ ಮೆಟ್ಟಿಲ ಕಡೆ ಬಿಟ್ಟು ಇಳಿಜಾರಿನ ದಾರಿಯಲ್ಲಿ ಇಳಿಸಿದೆವು. ನಾನು ಮುಂದೆ ನಡೆದು ಗಟ್ಟಿ ಮರಳು ಎಲ್ಲಿದೆ ಎಂದು ತೋರಿಸುತ್ತಿದ್ದೆ. ಮಂಡ್ಯದವನು ಹೆಜ್ಜೆ ಕೂಡಿಸಲು ಮೆಲ್ಲಗೆ ಹೇಳಿಕೊಡುತ್ತಿದ್ದ, “ಎಡ್ಗಾಲು, ನಿಧಾನ, ತಿರುಗ್ಬ್ಯಾಡಿ.” ಕನ್ನಡ ಬಾರದ ಇಬ್ಬರೂ ಅದಕ್ಕೇ ಕಾಲು ಹಾಕುತ್ತಿದ್ದರು. ನಾಯಿ ಆಡಿಸಲು ಬಂದವರು, ಓಡುವವರು ನಿಂತು ದಾರಿ ಬಿಟ್ಟರು. ನರೆಗೂದಲಿನ ಒಬ್ಬ ಗಂಡಸು ಟೋಪಿ ತೆಗೆದು ಅಜ್ಜಿಯನ್ನು ಟೀಚರ್ ಎಂದು ಮಾತಾಡಿಸಿದ. ಅಜ್ಜಿ ಮೇಲಿನಿಂದ ತಲೆಯಾಡಿಸಿದರು. ಆಗ ಅವರು ನಾಚಿದ್ದರೆ ನನಗೆ ಕಾಣಿಸಲಿಲ್ಲ; ಒಂದು ಕೈಯಲ್ಲಿ ಹ್ಯಾಟು ಹಿಡಿದುಕೊಂಡು ನೆಟ್ಟಗೆ ಕೂತಿದ್ದರು.

ಹಡಗಿನ ಹತ್ತಿರ ಬಂದಾಗ ಪಕ್ಕದಲ್ಲಿ ಇಳಿಸಲು ಹೊರಟರು. ಅಜ್ಜಿ ಬೇಡವೆಂದು ಕೈ ಮಾಡಿ, ಒಳಗೆ ಎಂದರು. ಗೂಟಗಳ ಎರಡು ಸಾಲಿನ ನಡುವೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಅದರ ಮಧ್ಯೆ ಕುರ್ಚಿ ಇಳಿಸಿದರು. ಅಜ್ಜಿ ಹಡಗಿನ ಹೊಟ್ಟೆಯಲ್ಲಿ ಕೂತಿದ್ದರು.

ಹತ್ತಿರದಿಂದ ನೋಡಿದರೆ ಗೂಟಗಳು ಒಂದೊಂದೂ ಎರಡು ಕೈಯಲ್ಲಿ ತಬ್ಬುವಷ್ಟು ದಪ್ಪ. ಮೇಲೆ ಪಾಚಿ, ಸಣ್ಣ ಚಿಪ್ಪುಗಳು. ಕಬ್ಬಿಣದ ಮೊಳೆಗಳಿದ್ದ ಜಾಗದಲ್ಲಿ ತುಕ್ಕು ಇಳಿದು ಮರ ಕೆಂಪಾಗಿತ್ತು. ಅಜ್ಜಿ ಕೈಗವಸು ಬಿಚ್ಚಿ, ಹತ್ತಿರದ ಮರದ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ನಾವು ಐವರೂ ನೀರಿನಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದೆವು. ಸಮುದ್ರದ ಕಡೆಯಿಂದ ಗಾಳಿ ಕಿವಿ ಕಿತ್ತುಹೋಗುವ ಹಾಗೆ ಬೀಸುತ್ತಿತ್ತು. ಅವರ ಕೋಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಅಜ್ಜಿ ನನ್ನ ಕಡೆ ತಿರುಗಿದರು.

“ಇವತ್ತು ನೋಡು, ಗಾಳಿ ಇದೆ” ಎಂದರು.

ಅವರ ಕಣ್ಣಲ್ಲಿ ನೀರಿತ್ತೋ ಗಾಳಿಗೆ ಹಾಗಾಗಿತ್ತೋ ಹೇಳಲಾರೆ. ಆಮೇಲೆ ಟೀಚರ್ ಆಗಿಬಿಟ್ಟರು. ಮುಂಭಾಗ ಯಾವುದು, ಹಿಂಭಾಗ ಯಾವುದು, ಹಾಯಿಕಂಬ ಎಲ್ಲಿ ನಿಂತಿತ್ತು ಎಂದು ಬೆರಳು ಮಾಡಿ ತೋರಿಸಿ ನಾಲ್ವರನ್ನೂ ಅಲ್ಲಲ್ಲಿ ಓಡಾಡಿಸಿದರು. ಐಸು ಎಲ್ಲಿ ಇಡುತ್ತಿದ್ದರು ಎಂದು ಮಂಡ್ಯದವನು ಕೇಳಿದ. ನೀನು ಈಗ ನಿಂತಿರುವಲ್ಲೇ ಎಂದರು. ಅವನು ಕಾಲೆತ್ತಿ ನೋಡಿಕೊಂಡ. ಅಜ್ಜಿ ನಕ್ಕಿದ್ದನ್ನು ನಾನು ಅಷ್ಟು ಜೋರಾಗಿ ಬೇರೆ ಯಾವಾಗಲೂ ಕೇಳಿಲ್ಲ.

ನೀರು ತಿರುಗಿ ಏರತೊಡಗಿದ್ದನ್ನು ಮೊದಲು ಗಮನಿಸಿದ್ದು ನನ್ನ ಗಂಡ. ವಾಪಸ್ಸು ಬರುವಾಗ ಹೊರೆ ಹೆಚ್ಚು ಭಾರವಾಗಿತ್ತಂತೆ. ಅವರ ಬಲಹೆಗಲಲ್ಲಿ ಎದ್ದ ಬಾಸುಂಡೆ ಒಂದು ವಾರ ಇತ್ತು. ಮನೆಗೆ ಬಂದು ಎಲ್ಲರಿಗೂ ಕಾಫಿ, ಅಕ್ಕಿರೊಟ್ಟಿ ಮಾಡಿಕೊಟ್ಟೆ. ಅಜ್ಜಿ ಮೇಲೆ ಹೋಗದೆ ನಮ್ಮ ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ಕೂತು ತಿಂದರು. ನಾಲ್ವರೂ ಒದ್ದೆ ಪ್ಯಾಂಟಿನಲ್ಲೇ ಕಾರು ಹತ್ತಿ ಆಫೀಸಿಗೆ ಹೋದರು. ಮಾರನೆಯ ದಿನದ ಡೆಮೋ ಚೆನ್ನಾಗಿಯೇ ಆಯಿತು. ಇನ್ವೆಸ್ಟರುಗಳು ಒಪ್ಪಿದರು, ಎಲ್ಲರಿಗೂ ಟೀ ಶರ್ಟು ಹಂಚಿದರು. ಎರಡು ದಿನದ ಮಳೆ ಮುಗಿದು ನಾನು ದಡಕ್ಕೆ ಹೋದಾಗ ಗೂಟಗಳ ತುದಿ ಮಾತ್ರ ಕಾಣುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅದೂ ಮುಚ್ಚಿಹೋಯಿತು.

ಆಮೇಲಿನದು ಆ ಕಾಲದಲ್ಲಿ ಎಲ್ಲರಿಗೂ ಆದದ್ದೇ. ಕೆಲವು ವರ್ಷ ಕಂಪನಿ ಏರಿತು, ಒಂದು ವಸಂತದಲ್ಲಿ ಬಾಗಿಲು ಹಾಕಿತು. ನನ್ನ ಗಂಡನಿಗೆ ಕೊಲ್ಲಿಯಾಚೆಯ ಸ್ಯಾನ್ ರಮೋನಿನಲ್ಲಿ ಬೇರೆ ಕೆಲಸ ಸಿಕ್ಕಿತು. ಅಷ್ಟು ಹೊತ್ತಿಗೆ ನಮಗೆ ಮಗಳು ಹುಟ್ಟಿದ್ದಳು. ಮಂಡ್ಯದ ಗೆಳೆಯ ಸ್ಯಾನ್ ಹೋಸೆಯ ಎವರ್‌ಗ್ರೀನ್ ಕಡೆ ಸಂಸಾರ ಹೂಡಿದ. ನಾವು ಮನೆ ಖಾಲಿ ಮಾಡಿದ ದಿನ ಅಜ್ಜಿ ಮೆಟ್ಟಿಲಿಳಿದು ಬಂದು ಮಗುವಿನ ಕೆನ್ನೆ ಮುಟ್ಟಿ, ಸಮುದ್ರವಿಲ್ಲದ ಊರಿಗೆ ಹೋಗುತ್ತಿದ್ದೀರಿ, ಬಿಸಿಲಾದರೂ ಇರುತ್ತದೆ ಎಂದರು. ಭಾನುವಾರ ಭಾನುವಾರ ಫೋನು ಮಾಡುತ್ತಿದ್ದೆ. ನನ್ನ ಕಡೆಯಿಂದ ಮಗುವಿನ ಹಲ್ಲು, ಡೇಕೇರಿನ ಜ್ವರ. ಅವರ ಕಡೆಯಿಂದ ಮಂಜು.

ಒಂದು ಭಾನುವಾರ ಫೋನು ಎತ್ತಿದ್ದು ಅವರ ಮಗಳು. ನಿದ್ದೆಯಲ್ಲೇ ಹೋದರು ಎಂದಳು.

ಅಂತ್ಯಕ್ರಿಯೆ ಆ ಬಡಾವಣೆಯ ಸಣ್ಣ ಚರ್ಚಿನಲ್ಲಾಯಿತು. ನಾವು ಹೋದೆವು, ಮಂಡ್ಯದವನೂ ಎವರ್‌ಗ್ರೀನಿನಿಂದ ಬಂದ. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಶಾಲೆಯ ಮಾತಾಡಿದರು. ಇನ್ನು ಯಾರಾದರೂ ಇದ್ದೀರಾ ಎಂದು ಪಾದ್ರಿ ಕೇಳಿದಾಗ ಮಂಡ್ಯದವನು ಎದ್ದು ನಿಂತ. ನಾಲ್ಕು ಜನರ ಮುಂದೆ ಮಾತಾಡಲು ಹಿಂಜರಿಯುವವನು, ಮೀಟಿಂಗುಗಳಲ್ಲೂ ಬಾಯಿ ಬಿಡುತ್ತಿರಲಿಲ್ಲ. ತನ್ನ ಇಂಗ್ಲಿಷಿನಲ್ಲಿ, ತಡವರಿಸುತ್ತ, ಅವನು ಹಡಗಿನ ಕತೆ ಹೇಳಿದ. ಓಕ್ ಮರದಿಂದ ಶುರುಮಾಡಿದ; ಮದ್ರಾಸಿನ ಐಸು, ಹಕ್ಕಿಯ ಹಿಕ್ಕೆ, ಗೋಧಿ, ಕಾಡಿನ ಹಲಗೆ, ಒಂದನ್ನೂ ಬಿಡಲಿಲ್ಲ. ಗಾಳಿ ನಿಂತದ್ದನ್ನೂ ಹೇಳಿದ. ಕೊನೆಗೆ, ನಾನು ಇವರನ್ನು ಒಂದು ದಿನ ಆ ಹಡಗಿನೊಳಕ್ಕೆ ಹೊತ್ತುಕೊಂಡು ಹೋಗಿದ್ದೆ, ಅಷ್ಟೇ ನನಗೆ ಗೊತ್ತಿರುವುದು ಎಂದು ಹೇಳಿ ಕೂತುಬಿಟ್ಟ.

ಅಜ್ಜಿಯ ಮಗಳು ಹೊರಗೆ ನಮ್ಮನ್ನು ಹುಡುಕಿಕೊಂಡು ಬಂದಳು. ಚಿಕ್ಕಂದಿನಲ್ಲಿ ಹಡಗಿನ ಕತೆ ಕೇಳಿ ಕೇಳಿ ಬೇಸರವಾಗಿತ್ತು, ಅಮ್ಮ ಅಲ್ಲಿಗೆ ಹೋದದ್ದನ್ನು ನನಗೆ ಹೇಳಲೇ ಇಲ್ಲ ಎಂದಳು. ಆ ಜಾಗ ತೋರಿಸುತ್ತೀರಾ ಎಂದು ಕೇಳಿದಳು. ಎಲ್ಲರೂ ಕರಿ ಬಟ್ಟೆಯಲ್ಲೇ ದಡಕ್ಕೆ ಹೋದೆವು. ಬೇಸಿಗೆಯ ಮರಳು ಎತ್ತರವಾಗಿ, ನುಣ್ಣಗೆ ಹರಡಿಕೊಂಡಿತ್ತು. ಮಕ್ಕಳು ಗುಂಡಿ ತೋಡುತ್ತಿದ್ದರು. ನಾನು ರಸ್ತೆಯ ದೀಪದ ಕಂಬಗಳನ್ನು ನೋಡಿ ಅಂದಾಜು ಮಾಡಲು ನೋಡಿದೆ. ಗಂಡ ಇನ್ನೂ ಆಚೆ ಎಂದರು, ಮಂಡ್ಯದವನು ಈಚೆ ಎಂದ. ನಮ್ಮಲ್ಲಿ ಒಮ್ಮತವಾಗಲಿಲ್ಲ. ಅಜ್ಜಿಯ ಮಗಳು ನಮ್ಮ ವಾದ ಕೇಳಿಸಿಕೊಂಡು, ಪರವಾಗಿಲ್ಲ ಎಂದು ಚಪ್ಪಲಿ ಬಿಟ್ಟು, ನಾವು ತೋರಿಸಿದ ಮೂರೂ ಜಾಗಗಳ ಮೇಲೆ ನಿಧಾನವಾಗಿ ನಡೆದಾಡಿದಳು. ನನ್ನ ಮಗಳೂ ಅವಳ ಹಿಂದೆ ಹಿಂದೆ ಪುಟ್ಟ ಹೆಜ್ಜೆ ಹಾಕುತ್ತ ಹೋದಳು.